ವೇಗ ಹೆಚ್ಚಿಸಿದ ಮೇಲೆ ಕೈಕೊಡುವ ಕಂಪ್ಯೂಟರು

ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರುಗಳೆಲ್ಲ ಒಂದೇ ರೀತಿ ಕೆಡುವುದಿಲ್ಲ. ಒಂದು, ಗೇಮ್ ಆಡುವಾಗ ಮಾತ್ರ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಇನ್ನೊಂದು ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡಿ, ಕೆಲಸವೆಲ್ಲ ಮುಗಿದು ಸುಮ್ಮನಿರುವಾಗ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಮತ್ತೊಂದರಲ್ಲಿ ಮೇಲ್ನೋಟಕ್ಕೆ ಯಾವ ದೋಷವೂ ಇಲ್ಲ. ಆದರೆ ದೊಡ್ಡದೊಂದು ಜಿಪ್ ಫೈಲ್ ಬಿಚ್ಚಲು ಹೋದರೆ ಫೈಲ್ ಹಾಳಾಗಿದೆ ಎನ್ನುತ್ತದೆ. ಅದೇ ಫೈಲ್ ಎರಡನೇ ಸಲ ಸರಿಯಾಗಿ ಬಿಚ್ಚಿಕೊಳ್ಳುತ್ತದೆ. ಈ ಮೂರೂ ಬೇರೆ ಬೇರೆ ಕಾಯಿಲೆಗಳು. ಮೂರಕ್ಕೂ ಒಂದೇ ಮದ್ದು ಹುಡುಕಲು ಹೊರಟಾಗ ಗೊಂದಲ ಶುರುವಾಗುತ್ತದೆ.

ಚಾಲ್ತಿಯಲ್ಲಿರುವ ಮದ್ದುಗಳು ಮೂರು. ಮೊದಲನೆಯದು ಫಾರ್ಮ್ಯಾಟ್ ಹೊಡೆಸುವುದು. ರ‍್ಯಾಮ್ ತಪ್ಪು ಮಾಡುತ್ತಿದ್ದರೆ ಹೊಸದಾಗಿ ಹಾಕುವ ವಿಂಡೋಸ್ ಕೂಡ ಅದೇ ರ‍್ಯಾಮ್ ದಾಟಿಕೊಂಡೇ ಡಿಸ್ಕಿಗೆ ಹೋಗಬೇಕು. ಹುಟ್ಟುವಾಗಲೇ ಊನ ಹೊತ್ತ ವಿಂಡೋಸ್ ನಿಮ್ಮ ಕೈಗೆ ಬರುತ್ತದೆ. ಎರಡನೆಯದು ‘ಹೀಟ್ ಆಗ್ತಿದೆ’ ಎಂದು ಥರ್ಮಲ್ ಪೇಸ್ಟ್ ಬದಲಿಸುವುದು. ಇದರಿಂದ ಕೆಡುಕಿಲ್ಲ, ಬಹಳಷ್ಟು ಸಲ ಪ್ರಯೋಜನವೂ ಇಲ್ಲ. ಮೂರನೆಯದು ವೋಲ್ಟೇಜನ್ನು ಇನ್ನೊಂದಿಷ್ಟು ಏರಿಸುವುದು. ಇದು ತಕ್ಷಣಕ್ಕೆ ಕೆಲಸ ಮಾಡುತ್ತದೆ. ಹಾಗಾಗಿ ಮೂರರಲ್ಲಿ ಇದೇ ಅಪಾಯಕಾರಿ.

ಕಂಪ್ಯೂಟರು ಸ್ಥಿರವಾಗಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಹೌದು-ಅಲ್ಲ ಎಂಬ ಉತ್ತರವಿಲ್ಲ ಎನ್ನುವುದು ನನ್ನ ಎಣಿಕೆ. ಇರುವುದು ಅಂಚು. ಯಾವ ಭಾಗದಲ್ಲಿ ಎಷ್ಟು ಅಂಚು ಉಳಿದಿದೆ, ಎಲ್ಲಿ ಮುಗಿದುಹೋಗಿದೆ ಎಂದು ಹುಡುಕುವುದೇ ರಿಪೇರಿಯ ತಿರುಳು.

ಅಂಚು ಎಂದರೇನು? 5 ಗಿಗಾಹರ್ಟ್ಸ್‌ನಲ್ಲಿ ಓಡುವ ಪ್ರೊಸೆಸರಿನಲ್ಲಿ ಗಡಿಯಾರದ ಎರಡು ಬಡಿತಗಳ ನಡುವಿನ ಕಾಲ 200 ಪಿಕೋಸೆಕೆಂಡ್. ಅಷ್ಟರಲ್ಲಿ ಬೆಳಕೇ ಸುಮಾರು 6 ಸೆಂಟಿಮೀಟರ್ ದೂರ ಹೋದೀತು. ಆ ಅವಧಿಯೊಳಗೆ ಒಂದು ಸಂಕೇತ ಸಾಲುಸಾಲು ಟ್ರಾನ್ಸಿಸ್ಟರುಗಳನ್ನು ದಾಟಿ, ಮುಂದಿನ ಬಡಿತ ಬೀಳುವ ಮೊದಲು ಸೊನ್ನೆಯೋ ಒಂದೋ ಎಂದು ನಿಶ್ಚಲವಾಗಿ ನಿಲ್ಲಬೇಕು. ಚಿಪ್ಪಿನೊಳಗಿನ ಕೋಟ್ಯಂತರ ದಾರಿಗಳಲ್ಲಿ ಅತಿ ನಿಧಾನದ ದಾರಿ ಯಾವುದೋ ಅದೇ ಇಡೀ ಚಿಪ್ಪಿನ ವೇಗದ ಮಿತಿ. ವೋಲ್ಟೇಜ್ ಕುಸಿದರೆ ಟ್ರಾನ್ಸಿಸ್ಟರುಗಳು ನಿಧಾನವಾಗುತ್ತವೆ, ವರ್ಷಗಳು ಕಳೆದಂತೆಯೂ ನಿಧಾನವಾಗುತ್ತವೆ, ಸಾಮಾನ್ಯ ವೋಲ್ಟೇಜಿನಲ್ಲಿ ಬಿಸಿಯಾದಾಗಲೂ ಸಂಕೇತದ ಓಟ ತಗ್ಗುತ್ತದೆ. ಇವೆಲ್ಲಕ್ಕೂ ಅವಕಾಶ ಬಿಟ್ಟು ತಯಾರಕರು ವೇಗ ಗೊತ್ತುಮಾಡುತ್ತಾರೆ. ಆ ಬಿಟ್ಟ ಜಾಗವನ್ನು ಬಳಸಿಕೊಳ್ಳುವುದೇ ಓವರ್‌ಕ್ಲಾಕಿಂಗ್. ಒಂದೇ ಮಾದರಿಯ ಎರಡು ಚಿಪ್ಪುಗಳಲ್ಲಿ ಆ ಜಾಗ ಒಂದೇ ಅಳತೆಯದಾಗಿರುವುದಿಲ್ಲ. ಗೆಳೆಯನ ಸೆಟ್ಟಿಂಗನ್ನು ತಂದು ನಮ್ಮ ಬಯಾಸ್‌ನಲ್ಲಿ ನಕಲು ಮಾಡಿದರೆ ಅದು ಓಡಬೇಕೆಂಬ ನಿಯಮವೇನೂ ಇಲ್ಲ.

ಹಿಂದೆ ಈ ಜಾಗ ಧಾರಾಳವಾಗಿತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಹವ್ಯಾಸಿಗಳ ನಡುವೆ ದಂತಕಥೆಯಾಗಿದ್ದೇ ಇದರಿಂದ. ಬಸ್ ವೇಗವನ್ನು ಗುಣಿಸಿ ಚಿಪ್ಪಿನ ವೇಗ ಕೊಡುವ ಅದರ ಗುಣಕ 4.5ಕ್ಕೆ ಬೀಗ ಬಿದ್ದಿತ್ತು, ಆದರೆ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು. ಅಬಿಟ್ ಬಿಎಚ್6 ಎಂಬ ಮದರ್‌ಬೋರ್ಡಿನಲ್ಲಿ ಜಂಪರ್ ಕೀಳುವ ತಾಪತ್ರಯವಿಲ್ಲದೆ ಬಯಾಸ್‌ನಿಂದಲೇ ಇದನ್ನು ಮಾಡಬಹುದಿತ್ತು. ಕೆಲವೇ ವರ್ಷಗಳಲ್ಲಿ ಎಎಂಡಿಯ ಅಥ್ಲಾನ್, ಡ್ಯೂರಾನ್ ಚಿಪ್ಪುಗಳ ಮೇಲ್ಮೈಯಲ್ಲಿ ಕಡಿದಿಟ್ಟ ಸಣ್ಣ ಸೇತುವೆಗಳನ್ನು ಪೆನ್ಸಿಲ್ಲಿನ ಸೀಸದಿಂದ ಗೀಚಿ ಜೋಡಿಸಿ ಗುಣಕದ ಬೀಗ ತೆಗೆಯುವ ಕಾಲ ಬಂತು. ಐವತ್ತು ಪ್ರತಿಶತ ವೇಗ ಪುಕ್ಕಟೆ! ಈಗ ಅಂಥ ಲಾಭ ಇಲ್ಲ. ಟರ್ಬೊ, ಬೂಸ್ಟ್ ಎಂಬ ಹೆಸರಿನಲ್ಲಿ ಕಾರ್ಖಾನೆಯವರೇ ಅಂಚಿನ ಬಹುಪಾಲನ್ನು ಬಳಸಿಕೊಂಡು ಚಿಪ್ಪನ್ನು ಮಾರುತ್ತಾರೆ. ಉಳಿದ ಚೂರಿಗೆ ಕೈಹಾಕಿದರೆ ತೆರಬೇಕಾದ ಬೆಲೆಯೂ ಹೆಚ್ಚು. ಚಿಪ್ ನುಂಗುವ ವಿದ್ಯುತ್ತು ವೇಗದ ಜೊತೆಗೂ ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ವೇಗ 10 ಪ್ರತಿಶತ ಏರಿಸಿ, ಅದಕ್ಕಾಗಿ ವೋಲ್ಟೇಜನ್ನೂ 10 ಪ್ರತಿಶತ ಏರಿಸಿದರೆ ಶಾಖ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ತನ್ನ ಕಂಪ್ಯೂಟರು ಓವರ್‌ಕ್ಲಾಕ್ ಆಗಿದೆ ಎಂಬುದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2005ರಲ್ಲೇ ಇದರ ಬಗ್ಗೆ ಬರೆದಿದ್ದರು. ವಿಂಡೋಸ್ ಕಳಿಸುವ ಕ್ರ್ಯಾಶ್ ವರದಿಗಳಲ್ಲಿ ಕೆಲವು, ನಡೆಯಲು ಸಾಧ್ಯವೇ ಇಲ್ಲದ ಜಾಗದಲ್ಲಿ ನಡೆದಿದ್ದವು. ರಿಜಿಸ್ಟರೊಂದನ್ನು ಸೊನ್ನೆ ಮಾಡುವ, ಮೆಮೊರಿಯನ್ನೇ ಮುಟ್ಟದ ಸರಳ ಆದೇಶದಲ್ಲಿ ಪ್ರೋಗ್ರಾಂ ಬಿದ್ದುಹೋಗಿತ್ತು. ವಿಚಾರಿಸುತ್ತಾ ಹೋದಾಗ ಓವರ್‌ಕ್ಲಾಕ್ ಮಾಡಿದ ಯಂತ್ರಗಳು ಸಿಕ್ಕವು. ಮಾರಿದವರೇ ಹೇಳದೆ ವೇಗ ಏರಿಸಿ ಕೊಟ್ಟಿದ್ದ ಯಂತ್ರಗಳೂ ಇದ್ದವು.

ಇವತ್ತು ಆ ಕೆಲಸ ಮಾಡಲು ಅಂಗಡಿಯವರು ಬೇಕಿಲ್ಲ, ಮದರ್‌ಬೋರ್ಡೇ ಮಾಡುತ್ತದೆ. ‘ನಾನು ಓವರ್‌ಕ್ಲಾಕ್ ಮಾಡಿಲ್ಲ, ಬರೀ ಎಕ್ಸ್‌ಎಂಪಿ ಆನ್ ಮಾಡಿದ್ದೇನೆ’ ಎನ್ನುವವರು ಬಹಳ. ಇಂಟೆಲ್ 2007ರಲ್ಲಿ ತಂದ ಎಕ್ಸ್‌ಎಂಪಿಯಾಗಲಿ ಎಎಂಡಿ 2022ರಲ್ಲಿ ತಂದ ಎಕ್ಸ್‌ಪೋ ಆಗಲಿ ರ‍್ಯಾಮಿನ ಓವರ್‌ಕ್ಲಾಕಿಂಗೇ. ಡಬ್ಬದ ಮೇಲೆ 6000 ಎಂದು ಬರೆದ ಡಿಡಿಆರ್5 ರ‍್ಯಾಮ್ ಇಂಥ ಸಿದ್ಧ ವೇಗದ ಪ್ರೊಫೈಲ್ ಇಲ್ಲದೆ ಸಾಮಾನ್ಯವಾಗಿ 4800ರಲ್ಲಿ ಓಡುತ್ತದೆ. 6000ದ ಭರವಸೆ ರ‍್ಯಾಮ್ ತಯಾರಕರದು. ಅದನ್ನು ತಡೆದುಕೊಳ್ಳಬೇಕಾದ ಮೆಮೊರಿ ಕಂಟ್ರೋಲರ್ ಕುಳಿತಿರುವುದು ಪ್ರೊಸೆಸರಿನ ಒಳಗೆ, ಮತ್ತು ಪ್ರೊಸೆಸರ್ ತಯಾರಕರು ಆ ಭರವಸೆ ಕೊಟ್ಟಿಲ್ಲ. ಇನ್ನು ‘ಮಲ್ಟಿಕೋರ್ ಎನ್‌ಹಾನ್ಸ್‌ಮೆಂಟ್’ ಮುಂತಾದ ಹೆಸರಿನ ಸೆಟ್ಟಿಂಗುಗಳು ಒಂದೆರಡು ಕೋರಿಗೆಂದು ನಿಗದಿಯಾದ ಗರಿಷ್ಠ ವೇಗವನ್ನು ಎಲ್ಲ ಕೋರುಗಳಿಗೂ ಹಚ್ಚುತ್ತವೆ. ಕೋರ್ ಐ9-14900ಕೆ ಚಿಪ್ಪಿಗೆ ಇಂಟೆಲ್ ಹೇಳಿದ ಗರಿಷ್ಠ ಟರ್ಬೊ ವಿದ್ಯುತ್ ಮಿತಿ 253 ವಾಟ್. ಎಷ್ಟೋ ಬೋರ್ಡುಗಳು ತಾವಾಗಿ 4095 ವಾಟ್ ಎಂದು ತುಂಬಿಕೊಂಡು ಬಂದಿದ್ದವು, ಅಂದರೆ ಮಿತಿಯೇ ಇಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಂಡ ಯಂತ್ರ ಬಯಾಸ್ ಮುಟ್ಟದೆಯೇ ಹೀಗೆ ಓಡುತ್ತಿರಬಹುದು.

ಆದ್ದರಿಂದ ರಿಪೇರಿಯ ಮೊದಲ ಹೆಜ್ಜೆ ಹಿಂದಕ್ಕೆ. ಅದಕ್ಕೂ ಮೊದಲು ಕಳೆದುಕೊಳ್ಳಲಾಗದ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ, ಹಳೆಯ ಬ್ಯಾಕಪ್ಪಿನ ಮೇಲೆ ಬರೆಯದೆ ಬೇರೆ ಜಾಗದಲ್ಲಿ ಇಟ್ಟುಕೊಳ್ಳಬೇಕು. ಯಾಕೆ ಎಂದು ಮುಂದೆ ಹೇಳುತ್ತೇನೆ. ವಿಂಡೋಸಿನಲ್ಲಿ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಬೇಕು, ಯಾಕೆಂದರೆ ಬಯಾಸ್ ರೀಸೆಟ್ ಆದ ಮೇಲೆ ಅದು ಕೀ ಕೇಳಿ ಬಾಗಿಲಲ್ಲೇ ನಿಲ್ಲಿಸಬಹುದು. ಆಮೇಲೆ ಬಯಾಸ್‌ಗೆ ಹೋಗಿ ಡಿಫಾಲ್ಟ್ ಸೆಟ್ಟಿಂಗ್ ಹಾಕುವುದು. ಬಯಾಸ್ ಪರದೆಯೇ ಬಾರದಿದ್ದರೆ ಪವರ್ ಕೇಬಲ್ ಕಿತ್ತು, ಬೋರ್ಡಿನ ಕ್ಲಿಯರ್ ಸಿಮಾಸ್ ಪಿನ್ನುಗಳನ್ನು ಕ್ಷಣಕಾಲ ಜೋಡಿಸುವುದು, ಅಥವಾ ಸಿಆರ್2032 ನಾಣ್ಯದ ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಡುವುದು. ಇಷ್ಟು ಮಾಡಿದ ಮೇಲೆ ವಿಂಡೋಸ್ ಬೂಟ್ ಆಗದಿದ್ದರೆ ಗಾಬರಿ ಬೇಡ. ಡಿಸ್ಕ್ ಮೋಡ್ ರೇಡ್‌ನಿಂದ ಎಎಚ್‌ಸಿಐಗೆ ಬದಲಾಗಿರಬಹುದು, ಹಳೆಯದಕ್ಕೆ ತಿರುಗಿಸಿದರೆ ಸಾಕು. ಡಿಡಿಆರ್5 ಯಂತ್ರವಾದರೆ ಸಿಮಾಸ್ ಅಳಿಸಿದ ಮೇಲಿನ ಮೊದಲ ಬೂಟಿನಲ್ಲಿ ಕೆಲವು ನಿಮಿಷ ಪರದೆ ಕಪ್ಪಗೇ ಇರುತ್ತದೆ. ಅದು ರ‍್ಯಾಮನ್ನು ಪಳಗಿಸಿಕೊಳ್ಳುತ್ತಿರುತ್ತದೆ. ಸತ್ತೇಹೋಯಿತೆಂದು ಅರ್ಧದಲ್ಲಿ ಸ್ವಿಚ್ ಆರಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ ಶುರು.

ಡಿಫಾಲ್ಟ್ ಎಂಬ ಗುಂಡಿಯನ್ನು ಪೂರ್ತಿ ನಂಬುವಂತಿಲ್ಲ. ಬೋರ್ಡಿನ ಡಿಫಾಲ್ಟ್ ಬೇರೆ, ಪ್ರೊಸೆಸರ್ ತಯಾರಕರ ಡಿಫಾಲ್ಟ್ ಬೇರೆ. ವಿದ್ಯುತ್ ಮಿತಿ, ಮಲ್ಟಿಕೋರ್ ಸೆಟ್ಟಿಂಗ್, ರ‍್ಯಾಮ್ ವೇಗ ಇವನ್ನು ಕಣ್ಣಾರೆ ನೋಡಬೇಕು. ವಿಂಡೋಸಿನೊಳಗೆ ಕುಳಿತು ವೇಗ ಬದಲಿಸುವ ಆಫ್ಟರ್‌ಬರ್ನರ್, ರೈಜೆನ್ ಮಾಸ್ಟರ್, ಎಕ್ಸ್‌ಟಿಯುನಂಥ ತಂತ್ರಾಂಶಗಳು ಬಯಾಸ್ ರೀಸೆಟ್‌ಗೆ ಸೊಪ್ಪು ಹಾಕುವುದಿಲ್ಲ. ಸ್ಟಾರ್ಟ್ ಆದೊಡನೆ ಹಳೆಯ ಸೆಟ್ಟಿಂಗನ್ನು ಮತ್ತೆ ಹಚ್ಚುತ್ತವೆ. ಗ್ರಾಫಿಕ್ಸ್ ಕಾರ್ಡಿನ ವೇಗ ಇರುವುದೇ ಅಲ್ಲಿ. ಅವನ್ನೂ ತೆಗೆದ ಮೇಲೆ ಶಟ್‌ಡೌನ್ ಬದಲು ರೀಸ್ಟಾರ್ಟ್ ಮಾಡುವುದು ಒಳ್ಳೆಯದು. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅಲ್ಲಿಂದಲೇ ಎದ್ದು ಕೂರುತ್ತದೆ.

ಈಗ ಯಂತ್ರ ದಿನನಿತ್ಯದ ಕೆಲಸದಲ್ಲಿ ನೆಟ್ಟಗೆ ಓಡಿದರೆ ಅಪರಾಧಿ ಓವರ್‌ಕ್ಲಾಕೇ ಎಂದಾಯಿತು. ಆದರೆ ಯಾವುದು? ರ‍್ಯಾಮ್, ಪ್ರೊಸೆಸರ್, ಗ್ರಾಫಿಕ್ಸ್ ಮೂರನ್ನೂ ಒಟ್ಟಿಗೆ ಏರಿಸಿದವರೇ ಹೆಚ್ಚು. ಒಂದೊಂದನ್ನೇ ವಾಪಸ್ ತರಬೇಕು, ಮೊದಲು ರ‍್ಯಾಮ್. ರ‍್ಯಾಮಿನ ತಪ್ಪು ಬೇರೆ ಎಲ್ಲರ ವೇಷ ಹಾಕಬಲ್ಲುದು. ಡ್ರೈವರ್ ಹಾಳಾದಂತೆ, ಡಿಸ್ಕ್ ಕೆಟ್ಟಂತೆ, ಬ್ರೌಸರಿನ ಟ್ಯಾಬ್ ಬಿದ್ದಂತೆ, ಆಂಟಿವೈರಸ್ ತಲೆಕೆಟ್ಟಂತೆ ಕಾಣುತ್ತದೆ. ಅದನ್ನು ತೀರ್ಮಾನ ಮಾಡಿಕೊಳ್ಳದೆ ಉಳಿದದ್ದನ್ನು ಪರೀಕ್ಷಿಸುವುದು ಸಮಯ ಹಾಳು.

ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ ವಿಂಡೋಸ್ ಇಲ್ಲದೆಯೇ ಓಡಿಸುವುದು ಹಳೆಯ, ಒಳ್ಳೆಯ ಕ್ರಮ. ಒಂದೇ ಒಂದು ಎರರ್ ಬಂದರೂ ಆ ಸೆಟ್ಟಿಂಗ್ ಫೇಲ್, ಚೌಕಾಸಿ ಇಲ್ಲ. ಆದರೆ ಎರರ್ ಬಾರದಿದ್ದರೆ ಪಾಸಾಯಿತು ಎಂದುಕೊಳ್ಳುವುದರಲ್ಲಿ ಒಂದು ಮೋಸವಿದೆ. ಆ ಪರೀಕ್ಷೆ ನಡೆಯುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗಿರುತ್ತದೆ. ಗೇಮ್ ಆಡುವಾಗ ಅದೇ ಕಾರ್ಡ್ ನೂರಾರು ವಾಟ್ ಬಿಸಿಗಾಳಿಯನ್ನು ಕ್ಯಾಬಿನೆಟ್ಟಿನೊಳಗೆ ಉಗುಳುತ್ತದೆ, ಆ ಗಾಳಿ ರ‍್ಯಾಮ್ ಕಡ್ಡಿಗಳ ಮೇಲೆ ಹಾಯುತ್ತದೆ. ರ‍್ಯಾಮಿನ ಕೋಶಗಳಲ್ಲಿರುವ ವಿದ್ಯುದಾವೇಶ ಬಿಸಿಯಾದಷ್ಟೂ ಬೇಗ ಸೋರುತ್ತದೆ. ಹೀಗಾಗಿ ರಾತ್ರಿಯಿಡೀ ಮೆಮ್‌ಟೆಸ್ಟ್ ಪಾಸಾದ ಯಂತ್ರ ಗೇಮ್ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಬೀಳಬಹುದು. ವಿಂಡೋಸಿನೊಳಗೆ ಟೆಸ್ಟ್‌ಮೆಮ್5ನಂಥ ಪರೀಕ್ಷೆಯನ್ನು, ಪಕ್ಕದಲ್ಲಿ ಗ್ರಾಫಿಕ್ಸಿಗೂ ಕೆಲಸ ಕೊಟ್ಟು ಓಡಿಸಿದರೆ ನಿಜಸ್ಥಿತಿಗೆ ಹತ್ತಿರ. ಡಿಡಿಆರ್5ರ ಚಿಪ್ಪುಗಳೊಳಗೇ ದೋಷ ತಿದ್ದುವ ವ್ಯವಸ್ಥೆಯಿದೆ, ಇನ್ನೇಕೆ ಚಿಂತೆ ಎನ್ನುವವರುಂಟು. ಅದು ಚಿಪ್ಪಿನೊಳಗಿನ ತಪ್ಪನ್ನು ಮಾತ್ರ ತಿದ್ದುತ್ತದೆ. ಓವರ್‌ಕ್ಲಾಕಿನಲ್ಲಿ ತಪ್ಪು ಹುಟ್ಟುವ ಮುಖ್ಯ ಜಾಗ ರ‍್ಯಾಮಿನಿಂದ ಪ್ರೊಸೆಸರಿಗೆ ಹೋಗುವ ತಂತಿಯ ದಾರಿ, ಅಲ್ಲಿ ಅದರ ಕಾವಲಿಲ್ಲ.

ಎರಡು ಕಡ್ಡಿಗಳಿದ್ದಾಗ ಓಡುತ್ತಿದ್ದದ್ದು ನಾಲ್ಕಾದಾಗ ಕೆಟ್ಟಿತೇ? ಆಶ್ಚರ್ಯವೇನಿಲ್ಲ. ರೈಜೆನ್ 7000 ಸಾಲಿನ ಚಿಪ್ಪುಗಳಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಕಡ್ಡಿಗೆ 5200, ನಾಲ್ಕಕ್ಕೆ 3600. ‘ಅದೇ ಕಂಪನಿ, ಅದೇ ಮಾಡೆಲ್’ ಎಂದು ವರ್ಷದ ನಂತರ ಇನ್ನೊಂದು ಜೊತೆ ತಂದು ಚುಚ್ಚಿ, ಹಳೆಯ ಎಕ್ಸ್‌ಪೋ ಪ್ರೊಫೈಲನ್ನೇ ಓಡಿಸುವವರು ಮಾಡುತ್ತಿರುವುದು ಸಣ್ಣ ಓವರ್‌ಕ್ಲಾಕ್ ಅಲ್ಲ.

ಪ್ರೊಸೆಸರಿನ ವಿಷಯಕ್ಕೆ ಬಂದರೆ, ಅದು ತನ್ನ ತಪ್ಪನ್ನು ತಾನೇ ಬರೆದಿಡುತ್ತದೆ, ಓದುವವರು ಕಡಿಮೆ. ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ‘ವಿಯಾ-ಲಾಗರ್’ (WHEA-Logger) ಹೆಸರಿನ ನಮೂದುಗಳನ್ನು ಹುಡುಕಬೇಕು. 18 ಎಂಬ ಸಂಖ್ಯೆಯದು ಯಂತ್ರವನ್ನು ಕೆಡವಿದ ತಪ್ಪು, 19 ಎಂಬುದು ಸಂಭವಿಸಿ ತಿದ್ದಲ್ಪಟ್ಟ ತಪ್ಪು. 19ರ ನಮೂದುಗಳು ಸಾಲುಗಟ್ಟಿದ್ದರೆ ಯಂತ್ರ ಇನ್ನೂ ಬಿದ್ದಿಲ್ಲದಿದ್ದರೂ ಅಂಚು ಮುಗಿದಿದೆ ಎಂದರ್ಥ. ರೈಜೆನ್ 5000 ಸಾಲಿನಲ್ಲಿ ಚಿಪ್ಪಿನ ಭಾಗಗಳನ್ನು ಜೋಡಿಸುವ ಇನ್‌ಫಿನಿಟಿ ಫ್ಯಾಬ್ರಿಕ್ ವೇಗವನ್ನು 1900 ಮೆಗಾಹರ್ಟ್ಸ್‌ನ ಆಚೆಗೆ ತಳ್ಳಿದವರಿಗೆ ಈ ಸಾಲು ಚೆನ್ನಾಗಿ ಪರಿಚಿತ. ಅದೇ ನಮೂದಿನಲ್ಲಿ ಎಪಿಐಸಿ ಐಡಿ ಎಂಬ ಅಂಕಿಯೂ ಇರುತ್ತದೆ, ಯಾವ ಕೋರ್ ಎಡವಿತು ಎಂದು ಅದರಿಂದ ತಿಳಿಯುತ್ತದೆ. ಎಂಟು ಕೋರುಗಳಲ್ಲಿ ಒಂದೇ ಕೋರ್ ಪದೇ ಪದೇ ಸಿಕ್ಕಿಬಿದ್ದರೆ ಅದೊಂದಕ್ಕೆ ಮಾತ್ರ ರಿಯಾಯಿತಿ ಕೊಟ್ಟರಾಯಿತು, ಉಳಿದವನ್ನು ಇಳಿಸಬೇಕಿಲ್ಲ.

ನೀಲಿ ಪರದೆಯ ಕೋಡುಗಳೂ ಅಷ್ಟಿಷ್ಟು ದಾರಿ ತೋರಿಸುತ್ತವೆ. 124ರಲ್ಲಿ ಕೊನೆಯಾಗುವ ಕೋಡ್ ಹಾರ್ಡ್‌ವೇರ್ ತಾನೇ ಒಪ್ಪಿಕೊಂಡ ತಪ್ಪು, ಸಾಮಾನ್ಯವಾಗಿ ಕೋರಿಗೆ ವೋಲ್ಟೇಜ್ ಸಾಲದು. 101 ಬಂದರೆ ಒಂದು ಕೋರ್ ಹೇಳಿದ ಹೊತ್ತಿಗೆ ಉತ್ತರಿಸಲಿಲ್ಲ. 1ಎ, 50 ಇವು ರ‍್ಯಾಮಿನ ಕಡೆ ಬೆರಳು ತೋರಿಸುತ್ತವೆ, 116 ಗ್ರಾಫಿಕ್ಸಿನ ಕಡೆ. ಒಂದೊಂದು ಸಲ ಒಂದೊಂದು ಕೋಡ್ ಬರುತ್ತಿದ್ದರೆ ರ‍್ಯಾಮಿನ ಮೇಲಿನ ಅನುಮಾನ ಇನ್ನೂ ಗಟ್ಟಿ. ಕರ್ನಲ್-ಪವರ್ 41 ಎಂಬ ನಮೂದು ನೋಡಿ ‘ಪವರ್ ಅಂತಿದೆಯಲ್ಲ’ ಎಂದು ಹೊಸ ಎಸ್‌ಎಂಪಿಎಸ್ ತಂದವರಿಗೆ ಲೆಕ್ಕವಿಲ್ಲ. ಆ ನಮೂದು ಹೇಳುವುದು ಇಷ್ಟೇ: ಹಿಂದಿನ ಸಲ ಕಂಪ್ಯೂಟರು ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ಅದು ನಿಮಗೂ ಗೊತ್ತಿತ್ತು.

ಹಾಗೆಂದು ಎಸ್‌ಎಂಪಿಎಸ್ ಎಂದೂ ತಪ್ಪಿತಸ್ಥ ಅಲ್ಲ ಎನ್ನಲಾಗದು. ನೀಲಿ ಪರದೆಯಿಲ್ಲದೆ, ಯಾವ ಸೂಚನೆಯಿಲ್ಲದೆ, ಸ್ವಿಚ್ ಕಿತ್ತಂತೆ ಎಲ್ಲ ಆರಿಹೋದರೆ ಅದನ್ನೇ ನೋಡಬೇಕು. ಗ್ರಾಫಿಕ್ಸ್ ಕಾರ್ಡುಗಳು ಮೈಕ್ರೋಸೆಕೆಂಡುಗಳ ಮಟ್ಟಿಗೆ ತಮ್ಮ ಸರಾಸರಿಯ ಎರಡು ಪಟ್ಟು ವಿದ್ಯುತ್ ಎಳೆಯಬಲ್ಲವು. 2022ರ ಎಟಿಎಕ್ಸ್ 3.0 ನಿಯಮ ಇದಕ್ಕೆಂದೇ ದೊಡ್ಡ ಎಸ್‌ಎಂಪಿಎಸ್‌ಗಳು 100 ಮೈಕ್ರೋಸೆಕೆಂಡ್ ಕಾಲ ತಮ್ಮ ಸಾಮರ್ಥ್ಯದ ಇಮ್ಮಡಿ ಹೊರೆ ತಾಳಬೇಕೆಂದು ವಿಧಿಸಿತು. ನಮ್ಮ ಮನೆಗಳಲ್ಲಿ ಇನ್ನೊಂದು ಕೊಂಡಿಯಿದೆ, ಯುಪಿಎಸ್. 600 ವಿಎ ಎಂದು ಮಾರುವ ಸಣ್ಣ ಯುಪಿಎಸ್ ಹೊರುವುದು ಸಾಮಾನ್ಯವಾಗಿ 360 ವಾಟ್ ಮಾತ್ರ. ಹಳೆಯ ಯಂತ್ರಕ್ಕೆ ಸಾಕಾಗಿದ್ದ ಅದು ವೇಗ ಏರಿಸಿದ ಯಂತ್ರವನ್ನು ಕರೆಂಟ್ ಹೋದ ಕ್ಷಣದಲ್ಲಿ ಕೈಬಿಡುತ್ತದೆ. ಕರೆಂಟ್ ಹೋದಾಗ ಮಾತ್ರ ಆಫ್ ಆಗುವ ಕಂಪ್ಯೂಟರಿನ ಬಯಾಸ್ ತಡಕಾಡಿ ಫಲವಿಲ್ಲ.

ಸುಮ್ಮನೆ ಕೂತಾಗ ಬೀಳುವ ಯಂತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಅತಿ ಹೆಚ್ಚು ದಾರಿತಪ್ಪಿಸುವ ಲಕ್ಷಣ ಅದು. ಭಾರಿ ಹೊರೆ ಹೊತ್ತಾಗ ಬೀಳದ್ದು ಖಾಲಿ ಇದ್ದಾಗ ಬಿದ್ದರೆ ಸಾಫ್ಟ್‌ವೇರ್ ದೋಷವೇ ಇರಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ. ಇಂದಿನ ಪ್ರೊಸೆಸರ್ ಒಂದೇ ವೇಗದಲ್ಲಿ ಓಡುವುದಿಲ್ಲ. ಎಲ್ಲ ಕೋರುಗಳಿಗೂ ಕೆಲಸವಿದ್ದಾಗ ಶಾಖ, ವಿದ್ಯುತ್ ಮಿತಿಗಳು ಅದನ್ನು ಕೆಳಗೆ ಹಿಡಿದಿರುತ್ತವೆ. ಮೌಸ್ ಕ್ಲಿಕ್, ಹಿನ್ನೆಲೆಯ ಅಪ್‌ಡೇಟ್‌ನಂಥ ಚಿಲ್ಲರೆ ಕೆಲಸ ಬಂದಾಗ ಒಂದು ಕೋರ್ ತನ್ನ ತುತ್ತತುದಿಯ ವೇಗಕ್ಕೆ ಜಿಗಿದು ಮತ್ತೆ ಮಲಗುತ್ತದೆ. ಹೀಗೆ ದಿನವಿಡೀ ಏಳುವುದು, ಮಲಗುವುದು. ರೈಜೆನ್‌ನ ಕರ್ವ್ ಆಪ್ಟಿಮೈಜರ್‌ನಲ್ಲಿ ‘ಮೈನಸ್ 30’ ಹಾಕಿ ವೋಲ್ಟೇಜ್ ಇಳಿಸಿದವರು ಬೀಳುವುದು ಈ ಜಿಗಿತದಲ್ಲಿ. ಎಲ್ಲ ಕೋರುಗಳನ್ನೂ ದುಡಿಸುವ ಪರೀಕ್ಷೆ ಆ ಎತ್ತರಕ್ಕೆ ಹೋಗುವುದೇ ಇಲ್ಲವಾದ್ದರಿಂದ ಎಷ್ಟು ಗಂಟೆ ಓಡಿಸಿದರೂ ಪಾಸ್. ಕೋರ್‌ಸೈಕ್ಲರ್ ಎಂಬ ಪುಟ್ಟ ಉಪಕರಣ ಒಂದು ಸಲಕ್ಕೆ ಒಂದೇ ಕೋರನ್ನು ದುಡಿಸುತ್ತದೆ, ಕಳ್ಳ ಅಲ್ಲಿ ಸಿಗುತ್ತಾನೆ. ಅಂದಹಾಗೆ ವೋಲ್ಟೇಜ್ ಇಳಿಸುವುದು ಸುರಕ್ಷಿತ, ಏರಿಸುವುದಷ್ಟೇ ಅಪಾಯ ಎಂಬ ಮಾತು ಚಿಪ್ಪಿನ ಆಯುಷ್ಯದ ಮಟ್ಟಿಗೆ ನಿಜ, ಲೆಕ್ಕ ತಪ್ಪುವ ಮಟ್ಟಿಗೆ ಸುಳ್ಳು.

ಇದರ ತಿರುಗುಮುರುಗು ಲೋಡ್‌ಲೈನ್. ಬಯಾಸ್‌ನಲ್ಲಿ ನೀವು 1.30 ವೋಲ್ಟ್ ಎಂದು ಬರೆದರೂ ಹೊರೆ ಬಿದ್ದಾಗ ಕೋರಿಗೆ ತಲುಪುವುದು ಅದಕ್ಕಿಂತ ಕಡಿಮೆ. ಹೊರೆ ಹೆಚ್ಚಿದಂತೆ ವೋಲ್ಟೇಜ್ ಬಾಗಬೇಕೆಂದೇ ವಿನ್ಯಾಸ. ಆ ಬಾಗುವಿಕೆಯನ್ನು ಪೂರ್ತಿ ಅಳಿಸಲು ಲೋಡ್‌ಲೈನ್ ಕ್ಯಾಲಿಬ್ರೇಷನ್ನನ್ನು ಕೊನೆಯ ಮಟ್ಟಕ್ಕೆ ಏರಿಸಿದರೆ, ಹೊರೆ ಇಳಿದ ಕ್ಷಣದಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ. ಪರದೆಯ ಮೇಲಿನ ತಂತ್ರಾಂಶದ ಮೀಟರು ಅಷ್ಟು ಚುರುಕಿನ ಚಿಮ್ಮುವಿಕೆಯನ್ನು ಹಿಡಿಯಲಾರದು. ಮಧ್ಯದ ಮಟ್ಟವೊಂದರಲ್ಲಿ ಬಿಡುವುದೇ ಲೇಸು.

ಶಾಖದ ಬಗ್ಗೆ ಇರುವ ಭಯ ಸ್ವಲ್ಪ ಅತಿಯಾಯಿತು. ಇಂದಿನ ಚಿಪ್ ಬಿಸಿಯಾದರೆ ಬೀಳುವುದಿಲ್ಲ, ನಿಧಾನವಾಗುತ್ತದೆ. ಇಂಟೆಲ್ ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಅನೇಕವಕ್ಕೆ ಆ ಗೆರೆ 100 ಡಿಗ್ರಿ. ರೈಜೆನ್ 7000 ಸಾಲಿನ ದೊಡ್ಡ ಚಿಪ್ಪುಗಳು ಪೂರ್ತಿ ಹೊರೆಯಲ್ಲಿ 95 ಡಿಗ್ರಿ ಮುಟ್ಟುವುದನ್ನು ಎಎಂಡಿಯೇ ಸಹಜ ಎಂದು ಹೇಳಿದೆ. ಶಾಖ ಕೆಲಸ ಕೆಡಿಸುವುದು ಬೇರೆ ದಾರಿಯಿಂದ: ಬಿಸಿಯಾದಾಗ ಅಷ್ಟೇ ವೇಗಕ್ಕೆ ಇನ್ನಷ್ಟು ವೋಲ್ಟೇಜ್ ಬೇಕಾಗುತ್ತದೆ. ಕೂಲರ್ ಎಷ್ಟೇ ದೊಡ್ಡದಿರಲಿ, ಅದು ಚಿಪ್ಪನ್ನು ಕೋಣೆಯ ಉಷ್ಣತೆಗಿಂತ ಇಷ್ಟು ಡಿಗ್ರಿ ಮೇಲೆ ಹಿಡಿಯಬಲ್ಲುದೇ ಹೊರತು ಅದಕ್ಕಿಂತ ಕೆಳಗೆ ತರಲಾರದು. ಡಿಸೆಂಬರಿನ ಬೆಂಗಳೂರಿನಲ್ಲಿ ಕೂತು ಹೊಂದಿಸಿದ ಸೆಟ್ಟಿಂಗನ್ನು 40 ಡಿಗ್ರಿ ದಾಟುವ ಕಲಬುರಗಿಯ ಏಪ್ರಿಲ್ಲಿಗೆ ಒಯ್ದರೆ ಬೀಳುವುದು ಇದಕ್ಕೇ. ಪೇಸ್ಟು ಹಳೆಯದಾಗಿರಬೇಕಿಲ್ಲ.

ಗ್ರಾಫಿಕ್ಸ್ ಕಾರ್ಡಿನದು ಸುಲಭದ ಪ್ರಕರಣ. ಪರದೆಯ ಮೇಲೆ ಬಣ್ಣದ ಚುಕ್ಕಿ, ಚೌಕಗಳು ಕಂಡರೆ, ಅಥವಾ ಹಾಡು ಕೇಳುತ್ತಿದ್ದು ಪರದೆ ಮಾತ್ರ ಕಪ್ಪಾದರೆ ಅದನ್ನೇ ಹಿಡಿಯಬೇಕು. ಎರಡು ಸೆಕೆಂಡ್ ಉತ್ತರ ಬಾರದಿದ್ದರೆ ವಿಂಡೋಸ್ ತಾನಾಗಿ ಡ್ರೈವರನ್ನು ಎಬ್ಬಿಸಲು ನೋಡುತ್ತದೆ. ಬೀಳದೆಯೂ ಮೋಸ ಮಾಡುವ ಒಂದು ಬಗೆಯಿದೆ: ಜಿಡಿಡಿಆರ್6ಎಕ್ಸ್ ಮೆಮೊರಿ ಇರುವ ಕಾರ್ಡುಗಳು ತಪ್ಪು ಕಂಡಾಗ ಮತ್ತೆ ಕಳಿಸುವಂತೆ ಕೇಳುತ್ತವೆ. ಮೆಮೊರಿಯ ವೇಗ ಏರಿಸಿದಷ್ಟೂ ಬೆಂಚ್‌ಮಾರ್ಕಿನ ಅಂಕ ಇಳಿಯುತ್ತಿದ್ದರೆ ಆಗಲೇ ಅಂಚು ದಾಟಿಯಾಗಿದೆ.

ಇನ್ನು ಪರೀಕ್ಷೆಗಳ ಮಾತು. ಪ್ರೈಮ್95 ಹುಟ್ಟಿದ್ದು ಕಂಪ್ಯೂಟರ್ ಪರೀಕ್ಷೆಗೆ ಅಲ್ಲ. ದೈತ್ಯ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರುಮಾಡಿದ ಸಾಮೂಹಿಕ ಯೋಜನೆಯ ತಂತ್ರಾಂಶ ಅದು. ವಾರಗಟ್ಟಲೆ ನಡೆಯುವ ಗುಣಾಕಾರದಲ್ಲಿ ಒಂದು ಬಿಟ್ ತಪ್ಪಿದರೂ ಫಲಿತಾಂಶ ಕಸವಾಗುವುದರಿಂದ ಅದು ತನ್ನ ಲೆಕ್ಕವನ್ನು ತಾನೇ ಅಡಿಗಡಿಗೆ ತಾಳೆ ನೋಡುತ್ತದೆ. ಓವರ್‌ಕ್ಲಾಕ್ ಮಾಡುವವರು ಆ ತಾಳೆಯನ್ನೇ ಪರೀಕ್ಷೆಯಾಗಿ ಬಳಸಿಕೊಂಡರು. ಅದರಲ್ಲಿ ಫೇಲಾದರೆ ಯಂತ್ರ ತಪ್ಪು ಲೆಕ್ಕ ಮಾಡುತ್ತಿದೆ ಎಂಬುದು ಹೆಚ್ಚುಕಡಿಮೆ ಖಚಿತ. ಹೆಚ್ಚುಕಡಿಮೆ ಎಂದೆ, ಏಕೆಂದರೆ 2016ರ ಜನವರಿಯಲ್ಲಿ ಇಂಟೆಲ್ಲಿನ ಸ್ಕೈಲೇಕ್ ಚಿಪ್ಪುಗಳು ಓವರ್‌ಕ್ಲಾಕ್ ಇಲ್ಲದೆಯೂ ಪ್ರೈಮ್95ರಲ್ಲಿ ಹ್ಯಾಂಗ್ ಆಗುತ್ತಿದ್ದದ್ದು ಬೆಳಕಿಗೆ ಬಂದು, ಚಿಪ್ಪಿನದೇ ದೋಷವೆಂದು ಇಂಟೆಲ್ ಒಪ್ಪಿ ತಿದ್ದುಪಡಿ ಕೊಟ್ಟಿತ್ತು. ಫೇಲಾಗುವುದು ಇಷ್ಟು ಗಟ್ಟಿ ಸಾಕ್ಷ್ಯ, ಪಾಸಾಗುವುದು ಬಹಳ ದುರ್ಬಲ ಸಾಕ್ಷ್ಯ. ಇಪ್ಪತ್ತನಾಲ್ಕು ಗಂಟೆ ಪ್ರೈಮ್95 ಓಡಿಸಿ ಸ್ಕ್ರೀನ್‌ಶಾಟ್ ತೋರಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಚಿಪ್ಪನ್ನು ದಿನವಿಡೀ ಗರಿಷ್ಠ ಕರೆಂಟಿನಲ್ಲಿ ಬೇಯಿಸುವುದರಿಂದ ಅದರ ಅಂಚೇ ಒಂದಿಷ್ಟು ಸವೆಯುತ್ತದೆ. ಹಾಗೆ ಮಾಡಿಯೂ ಮೇಲೆ ಹೇಳಿದ ಒಂಟಿ ಕೋರಿನ ಜಿಗಿತ ಪರೀಕ್ಷೆಗೊಳಗಾಗುವುದಿಲ್ಲ. ಸ್ವಲ್ಪ ಪ್ರೈಮ್95, ಸ್ವಲ್ಪ ವೈ-ಕ್ರಂಚರ್, ಒಂದೊಂದೇ ಕೋರಿನ ಸರದಿ, ಬಿಸಿ ರ‍್ಯಾಮಿನ ಪರೀಕ್ಷೆ, ಆಮೇಲೆ ನಿಮ್ಮ ನಿಜವಾದ ಕೆಲಸ. ಇವೆಲ್ಲ ಪಾಸಾದ ಮೇಲೆ ಸಿಕ್ಕ ವೇಗದಿಂದ ಒಂದು ಮೆಟ್ಟಿಲು ಕೆಳಗಿಳಿಸಿ ನಿಲ್ಲಿಸುವುದು ಕಾರ್ಖಾನೆಯವರು ಬಿಟ್ಟ ಅಂಚಿನಲ್ಲಿ ಚೂರನ್ನಾದರೂ ವಾಪಸ್ ಕೊಟ್ಟಂತೆ.

ಯಂತ್ರ ಸರಿಹೋದ ಮೇಲೂ ಹಳೆಯ ತಪ್ಪುಗಳು ಡಿಸ್ಕಿನಲ್ಲಿ ಉಳಿದಿರುತ್ತವೆ. ರ‍್ಯಾಮ್ ಎಡವುತ್ತಿದ್ದ ದಿನಗಳಲ್ಲಿ ಅಪ್‌ಡೇಟ್ ಆದ ವಿಂಡೋಸ್ ಫೈಲು, ಉಳಿಸಿದ ಫೋಟೊ, ನಕಲಿಸಿದ ವಿಡಿಯೋ ಯಾವುದೂ ನಂಬಿಕಸ್ಥ ಅಲ್ಲ. ಡಿಸ್ಕ್ ತನಗೆ ಕೊಟ್ಟದ್ದನ್ನು ನಿಷ್ಠೆಯಿಂದ ಬರೆದಿದೆ, ಕೊಟ್ಟದ್ದೇ ತಪ್ಪು. ಡಿಫಾಲ್ಟ್ ವೇಗದಲ್ಲಿ ನಿಂತು ಡಿಸಮ್, ಎಸ್‌ಎಫ್‌ಸಿ, ಚೆಕ್‌ಡಿಸ್ಕ್ ಆದೇಶಗಳನ್ನು ಓಡಿಸಿದರೆ ವಿಂಡೋಸಿನ ಸ್ವಂತ ಫೈಲುಗಳು ತಾಳೆಯಾಗುತ್ತವೆ. ಸ್ಟೀಮ್‌ನಂಥ ಗೇಮ್ ಅಂಗಡಿಗಳಲ್ಲೂ ಫೈಲುಗಳನ್ನು ತಾಳೆ ನೋಡುವ ಗುಂಡಿ ಇದೆ. ನಿಮ್ಮ ಸ್ವಂತ ಫೋಟೊಗಳಿಗೆ ಅಂಥ ಗುಂಡಿ ಇಲ್ಲ. ಅವುಗಳ ಹಳೆಯ ಬ್ಯಾಕಪ್ ಒಂದೇ ಗತಿ. ಅದರ ಮೇಲೆ ಹೊಸದನ್ನು ಬರೆಯಬೇಡಿ ಎಂದದ್ದು ಇದಕ್ಕೆ. ಫಾರ್ಮ್ಯಾಟ್ ಹೊಡೆಸುವುದಿದ್ದರೂ ಅದಕ್ಕೆ ಸರಿಯಾದ ಹೊತ್ತು ಇದು, ಎಲ್ಲ ಮುಗಿದ ಮೇಲೆ.

ಕೊನೆಯ ಪ್ರಶ್ನೆ ಕಹಿಯಾದದ್ದು. ಡಿಫಾಲ್ಟ್ ವೇಗಕ್ಕೆ ಬಂದರೂ ಯಂತ್ರ ಬೀಳುತ್ತಿದ್ದರೆ? ಬೇರೆ ರ‍್ಯಾಮ್ ಹಾಕಿ, ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದ ಮೇಲೂ ಹಾಗೇ ಇದ್ದರೆ, ಚಿಪ್ಪಿನ ಅಂಚು ಕಾಯಂ ಆಗಿ ಸವೆದಿದೆ ಎಂದೇ ತಿಳಿಯಬೇಕು. ಇದು ಹೊಸದಲ್ಲ. 2002ರಲ್ಲಿ ಬಂದ ನಾರ್ತ್‌ವುಡ್ ಪೆಂಟಿಯಂ 4 ಚಿಪ್ಪುಗಳಿಗೆ 1.7 ವೋಲ್ಟಿನ ಆಚೆ ಕೊಟ್ಟವರು ಕೆಲವು ವಾರ, ತಿಂಗಳುಗಳಲ್ಲಿ ಚಿಪ್ ಹಠಾತ್ತನೆ ಸತ್ತದ್ದನ್ನು ಕಂಡರು. ಆ ಸಾವಿಗೊಂದು ಹೆಸರೇ ಬಿದ್ದಿತ್ತು. 2023ರ ಏಪ್ರಿಲ್ಲಿನಲ್ಲಿ ರೈಜೆನ್ 7000ಎಕ್ಸ್3ಡಿ ಚಿಪ್ಪುಗಳು ಸಾಕೆಟ್ ಸಮೇತ ಸುಟ್ಟ ಚಿತ್ರಗಳು ಹೊರಬಂದವು. ಎಕ್ಸ್‌ಪೋ ಆನ್ ಮಾಡಿದಾಗ ಬೋರ್ಡುಗಳು ಮೆಮೊರಿ ಕಂಟ್ರೋಲರ್ ಇರುವ ಭಾಗದ ಎಸ್‌ಒಸಿ ವೋಲ್ಟೇಜನ್ನು ಅತಿಯಾಗಿ ಏರಿಸುತ್ತಿದ್ದವು. ಎಎಂಡಿ ಅದಕ್ಕೆ 1.3 ವೋಲ್ಟಿನ ಗೆರೆ ಎಳೆಯಿತು.

ಎಲ್ಲಕ್ಕಿಂತ ದೊಡ್ಡ ಪ್ರಕರಣ ಇಂಟೆಲ್ಲಿನ 13 ಮತ್ತು 14ನೇ ಪೀಳಿಗೆಯದು. ಗೇಮ್ ತೆರೆದಾಗ ‘ವಿಡಿಯೋ ಮೆಮೊರಿ ಸಾಲದು’ ಎಂಬ ದೂರು ಬರುತ್ತಿತ್ತು. ಜನ ಗ್ರಾಫಿಕ್ಸ್ ಡ್ರೈವರನ್ನು, ಗೇಮ್ ಮಾಡಿದವರನ್ನು ಬೈದರು. ತಪ್ಪುತ್ತಿದ್ದದ್ದು ಪ್ರೊಸೆಸರ್, ಗೇಮಿನ ಸಂಕುಚಿತ ದತ್ತಾಂಶವನ್ನು ಬಿಚ್ಚುವಾಗ. 2024ರಲ್ಲಿ ಇಂಟೆಲ್ ಕಾರಣ ಹೇಳಿತು: ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜಿನಿಂದ ಚಿಪ್ಪಿನೊಳಗಿನ ಮಂಡಲವೊಂದು ಸವೆದು, ಅದು ಓಡಲು ಬೇಕಾದ ಕನಿಷ್ಠ ವೋಲ್ಟೇಜೇ ಮೇಲೆ ಸರಿದುಬಿಡುತ್ತಿತ್ತು. ಆ ವರ್ಷದ ಆಗಸ್ಟಿನಲ್ಲಿ ಬಂದ ಮೈಕ್ರೋಕೋಡ್ ವೋಲ್ಟೇಜನ್ನು 1.55ಕ್ಕೆ ಕಟ್ಟಿಹಾಕಿತು, ವಾರಂಟಿಯೂ ಎರಡು ವರ್ಷ ಬೆಳೆಯಿತು. ಆದರೆ ಸವೆದ ಚಿಪ್ಪನ್ನು ಯಾವ ಮೈಕ್ರೋಕೋಡೂ ಮೊದಲಿನಂತೆ ಮಾಡಲಾರದು. ಹೀಗೆ ಚಿಪ್ ಕಳೆದುಕೊಂಡವರಲ್ಲಿ ಎಷ್ಟೋ ಜನ ಓವರ್‌ಕ್ಲಾಕ್ ಮಾಡಿದವರೇ ಅಲ್ಲ.

ಇಂಥ ಚಿಪ್ಪನ್ನು ಗುರುತಿಸುವ ಒಂದು ಸರಳ ಪರೀಕ್ಷೆ ಆ ಪ್ರಕರಣದಲ್ಲೇ ಬಳಕೆಗೆ ಬಂತು. ವೋಲ್ಟೇಜ್ ಮುಟ್ಟದೆ, ದೊಡ್ಡ ಕೋರುಗಳ ಗುಣಕವನ್ನು ಎರಡು ಮೂರು ಅಂಕ ಇಳಿಸುವುದು, 55 ಇದ್ದದ್ದನ್ನು 53 ಮಾಡುವುದು. ಅಷ್ಟಕ್ಕೇ ಯಂತ್ರ ನೆಟ್ಟಗಾದರೆ ಗೇಮೂ ಅಲ್ಲ, ವಿಂಡೋಸೂ ಅಲ್ಲ, ಪ್ರೊಸೆಸರೇ. ಸುಮಾರು ಹತ್ತು ಲಕ್ಷ ಕಂಪ್ಯೂಟರುಗಳ ಕ್ರ್ಯಾಶ್ ವರದಿಗಳನ್ನು ಜಾಲಾಡಿ ಮೈಕ್ರೋಸಾಫ್ಟ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ವೇಗ ಇಳಿಸಿದ ಯಂತ್ರಗಳು ಹೆಚ್ಚು ವಿಶ್ವಾಸಾರ್ಹವೆಂದು ಕಂಡಿದ್ದವು. ಹಾರ್ಡ್‌ವೇರ್ ತಪ್ಪಿನಿಂದ ಒಮ್ಮೆ ಬಿದ್ದ ಯಂತ್ರ ಮತ್ತೆ ಬೀಳುವ ಸಂಭವ, ಎಂದೂ ಬೀಳದ ಯಂತ್ರಕ್ಕಿಂತ ನೂರು ಪಟ್ಟಿನಷ್ಟು ಹೆಚ್ಚಿರಬಹುದು ಎಂಬುದೂ ಅದೇ ಅಧ್ಯಯನದ ಮಾತು. ‘ಒಂದೇ ಸಲ ಆಗಿದ್ದು, ನೋಡೋಣ’ ಎಂದು ಕೂರುವವರು ಗಮನಿಸಬೇಕಾದ ಅಂಕಿ ಅದು.

ವಾರಂಟಿ ಇದ್ದರೆ ಬಿಲ್ಲು, ಪ್ರೊಸೆಸರ್ ಡಬ್ಬದ ಮೇಲಿನ ಸೀರಿಯಲ್ ನಂಬರು, ಡಿಫಾಲ್ಟ್ ಸೆಟ್ಟಿಂಗಿನಲ್ಲೇ ದಾಖಲಾದ ವಿಯಾ ನಮೂದುಗಳ ಪ್ರತಿ ಇಟ್ಟುಕೊಂಡು ಸರ್ವಿಸ್‌ನವರ ಬಳಿ ಹೋಗಬೇಕು. ವಾರಂಟಿ ಮುಗಿದಿದ್ದರೆ ಇಳಿಸಿದ ಗುಣಕದಲ್ಲೇ ಓಡಿಸಿಕೊಳ್ಳಬಹುದು. ಗೇಮಿಗೆ, ಸಿನಿಮಾಕ್ಕೆ ಅಂಥ ಯಂತ್ರ ಸಾಕು. ಆಫೀಸಿನ ಲೆಕ್ಕಪತ್ರ, ಮನೆಯ ಫೋಟೊಗಳ ಒಂದೇ ಪ್ರತಿ ಅದರಲ್ಲಿ ಇರದಿರಲಿ.